ಡಿ ಆ್ಯಂಡ್ ಡಿ 2024ರ ಪ್ಯಾಲಡಿನ್: ಹಾಸನದ ಗುಂಪಿಗೆ ಹೊಂದುತ್ತದಾ?

ಮೇಜಿನ ಸುತ್ತ ಕೂತು, ಪಾತ್ರ ಕಟ್ಟಿ, ಡೈಸ್ ಹಾಕುತ್ತ ಕಥೆಯಾಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಡಿ ಆ್ಯಂಡ್ ಡಿ) ಆಟದ ಹೊಸ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. 384 ಪುಟ, 12 ಕ್ಲಾಸ್ (ಪಾತ್ರದ ಬಗೆ), ಒಂದೊಂದಕ್ಕೂ ನಾಲ್ಕು ಸಬ್‌ಕ್ಲಾಸ್ (ಒಳಬಗೆ). ಈ ರಿವ್ಯೂ ಇಡೀ ಪುಸ್ತಕದ್ದಲ್ಲ, ಪ್ಯಾಲಡಿನ್ ಒಂದರದ್ದು. ಆಣೆ ಇಟ್ಟು ಕತ್ತಿ ಹಿಡಿಯುವ, ಆ ಆಣೆಯ ಬಲದಿಂದಲೇ ಗಾಯ ಮಾಯಿಸುವ, ಮಂತ್ರ ಹಾಕುವ ಯೋಧನ ಕ್ಲಾಸ್ ಇದು. ಆಟದ ಲೆಕ್ಕಾಚಾರದಲ್ಲಿ 2014ರದ್ದಕ್ಕಿಂತ ಎಷ್ಟೋ ವಾಸಿ. ಆಣೆಯ ವಿಷಯಕ್ಕೆ ಬಂದಾಗ ಮಾತ್ರ ಪುಸ್ತಕ ಕೈಕೊಡುತ್ತದೆ.

ಮೊದಲು ದುಡ್ಡಿನ ಮಾತು. ಪ್ಯಾಲಡಿನ್ ಆಡಿ ನೋಡಲು ಪುಸ್ತಕ ಕೊಳ್ಳಲೇಬೇಕೆಂದಿಲ್ಲ. 2025ರ ಏಪ್ರಿಲ್‌ನಲ್ಲಿ ಆಟದ ಕಂಪನಿಯೇ ಎಸ್‌ಆರ್‌ಡಿ 5.2 ಎಂಬ ಮೂಲ ನಿಯಮಗಳ ಪಿಡಿಎಫ್ ಅನ್ನು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಡಿ ಪುಕ್ಕಟೆ ಬಿಟ್ಟಿದೆ. ಪ್ಯಾಲಡಿನ್ ಕ್ಲಾಸ್ 20 ಲೆವೆಲ್‌ವರೆಗೂ ಅದರಲ್ಲಿದೆ. ಸಬ್‌ಕ್ಲಾಸ್ ಮಾತ್ರ ಒಂದೇ, ಓತ್ ಆಫ್ ಡಿವೋಷನ್ ಎಂಬ ಆಣೆ. ಕ್ಲಾಸಿನ ಪುಟಗಳು ಮತ್ತು ಬ್ಲೆಸ್, ಡಿವೈನ್ ಸ್ಮೈಟ್, ಶೀಲ್ಡ್ ಆಫ್ ಫೇತ್, ಕ್ಯೂರ್ ವೂಂಡ್ಸ್, ಫೈಂಡ್ ಸ್ಟೀಡ್ ಇಷ್ಟು ಸ್ಪೆಲ್‌ಗಳ (ಮಂತ್ರಗಳ) ವಿವರವನ್ನು ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡರೆ ಐದನೇ ಲೆವೆಲ್ ದಾಟುವವರೆಗೆ ಬೇರೇನೂ ಬೇಡ. ಇಡೀ ಪಿಡಿಎಫ್ ಪ್ರಿಂಟ್ ಹಾಕಿಸುವುದು ದಂಡ.

ಉಚಿತ ಆವೃತ್ತಿಯಲ್ಲಿ ಒಂದು ಕೊಕ್ಕೆ ಇದೆ. ಬ್ಯಾಕ್‌ಗ್ರೌಂಡ್‌ಗಳು (ಪಾತ್ರದ ಹಿಂದಿನ ಬದುಕು) ನಾಲ್ಕೇ: ಅಕೊಲೈಟ್, ಕ್ರಿಮಿನಲ್, ಸೇಜ್, ಸೋಲ್ಜರ್. ಪ್ಯಾಲಡಿನ್‌ಗೆ ಬೇಕಾದ ಸ್ಟ್ರೆಂಗ್ತ್ (ಬಲ) ಮತ್ತು ಕರಿಸ್ಮಾ (ವರ್ಚಸ್ಸು) ಎರಡನ್ನೂ ಏರಿಸುವುದು ನೋಬಲ್ ಮತ್ತು ಎಂಟರ್‌ಟೇನರ್. ಅವು ದುಡ್ಡು ಕೊಟ್ಟ ಪುಸ್ತಕದಲ್ಲಿ ಮಾತ್ರ. ಹಾಗಾಗಿ ಉಚಿತ ಆವೃತ್ತಿಯಲ್ಲಿ ಆಡುವವರು ಸ್ಟ್ರೆಂಗ್ತ್ 15, ಕರಿಸ್ಮಾ 14, ಕಾನ್ಸ್ಟಿಟ್ಯೂಷನ್ 13, ವಿಸ್ಡಮ್ 12, ಡೆಕ್ಸ್‌ಟೆರಿಟಿ 10, ಇಂಟೆಲಿಜೆನ್ಸ್ 8 ಎಂದು ಹಂಚಿಕೊಂಡು ಸೋಲ್ಜರ್ ಹಿಡಿಯಲಿ. ಅದು ಏರಿಸಲು ಬಿಡುವ ಮೂರು ಗುಣಕ್ಕೂ ಒಂದೊಂದು ಏರಿಸಿದರೆ ಸ್ಟ್ರೆಂಗ್ತ್ 16, ಕಾನ್ಸ್ಟಿಟ್ಯೂಷನ್ 14 ಆಗುತ್ತದೆ. ನಾಲ್ಕನೇ ಲೆವೆಲ್‌ನಲ್ಲಿ ಸಿಗುವ ಎರಡು ಪಾಯಿಂಟನ್ನು ಕತ್ತಿಯ ಕಡೆಗಲ್ಲ, ಕರಿಸ್ಮಾಗೆ ಹಾಕಿ 16 ಮಾಡಿ. ಕಾರಣ ಮುಂದೆ ಬರುತ್ತದೆ.

ಈಗ ಸ್ಮೈಟ್. ಹಳೆಯ ಆಟಗಾರರು ಮುನಿಸಿಕೊಂಡಿರುವುದು ಇಲ್ಲಿ. 2014ರ ನಿಯಮದಲ್ಲಿ ಕತ್ತಿ ತಾಗಿದ ಮೇಲೆ ಸ್ಪೆಲ್ ಸ್ಲಾಟ್ (ದಿನಕ್ಕಿಷ್ಟೇ ಎಂದಿರುವ ಮಂತ್ರದ ಪಾಲು) ಸುಟ್ಟು ಹೆಚ್ಚುವರಿ ಪೆಟ್ಟು ಕೊಡಬಹುದಿತ್ತು. ಅದಕ್ಕೆ ಆ್ಯಕ್ಷನ್ನೇ ಬೇಕಿರಲಿಲ್ಲ, ಎಷ್ಟು ಸಲ ತಾಗಿದರೆ ಅಷ್ಟು ಸಲ. ಐದನೇ ಲೆವೆಲ್ ಪ್ಯಾಲಡಿನ್ ಎರಡು ಏಟಿಗೂ ಎರಡನೇ ಲೆವೆಲ್ ಸ್ಲಾಟ್ ಸುರಿದರೆ 3ಡಿ8 (ಎಂಟು ಮುಖದ ಮೂರು ಡೈಸ್), ಮತ್ತೆ 3ಡಿ8. ಸರಾಸರಿ 27 ಡ್ಯಾಮೇಜ್ ಬರೀ ಸ್ಮೈಟ್‌ನಿಂದಲೇ. ಡಿಎಂ (ಆಟ ನಡೆಸುವವನು) ಒಂದು ವಾರ ಕೂತು ಕಟ್ಟಿದ ರಾಕ್ಷಸ ಮೊದಲ ಸುತ್ತಿನಲ್ಲೇ ಮಕಾಡೆ. ಉಳಿದ ಮೂವರು ಡೈಸ್ ಕೈಯಲ್ಲಿ ಹಿಡಿದುಕೊಂಡು ನೋಡುತ್ತ ಕೂರಬೇಕು. 2024ರಲ್ಲಿ ಸ್ಮೈಟ್ ಒಂದು ಸ್ಪೆಲ್ ಆಗಿದೆ, ಏಟು ತಾಗಿದ ಕೂಡಲೇ ಬೋನಸ್ ಆ್ಯಕ್ಷನ್ (ಸರದಿಯ ಮುಖ್ಯ ಆ್ಯಕ್ಷನ್ ಅಲ್ಲದೆ ಮಾಡಬಹುದಾದ ಇನ್ನೊಂದು ಚಿಕ್ಕ ಕೆಲಸ) ಬಳಸಿ ಹಾಕಬೇಕು. ಸರದಿಗೆ ಬೋನಸ್ ಆ್ಯಕ್ಷನ್ ಒಂದೇ, ಹಾಗಾಗಿ ಸ್ಮೈಟೂ ಒಂದೇ. ಮೇಲಿನ ಲೆಕ್ಕ 27ರಿಂದ 13.5ಕ್ಕೆ ಇಳಿಯಿತು. ಇದು ಸರಿಯಾದ ಕೆಲಸ ಎಂದೇ ನಮ್ಮ ಅಭಿಪ್ರಾಯ. ಬದಲಿಗೆ ಎರಡನೇ ಲೆವೆಲ್‌ನಿಂದ ದಿನಕ್ಕೊಂದು ಸ್ಮೈಟ್ ಸ್ಲಾಟ್ ಇಲ್ಲದೆ ಪುಕ್ಕಟೆ, ಹನ್ನೊಂದನೇ ಲೆವೆಲ್‌ನಿಂದ ಪ್ರತಿ ಏಟಿಗೂ 1ಡಿ8 ತಾನಾಗಿ ಸೇರುತ್ತದೆ.

ಸ್ಪೆಲ್ ಆದದ್ದಕ್ಕೆ ಅಡ್ಡಪರಿಣಾಮಗಳೂ ಇವೆ. ಬಾಯಲ್ಲಿ ಮಂತ್ರ ಹೇಳಬೇಕಾದ್ದರಿಂದ ಸೈಲೆನ್ಸ್ ಮಂತ್ರ ಹರಡಿದ ಜಾಗದಲ್ಲಿ ಸ್ಮೈಟ್ ಇಲ್ಲ. ಎದುರಾಳಿ ಮಾಂತ್ರಿಕ ಕೌಂಟರ್‌ಸ್ಪೆಲ್ ಹಾಕಿ ಅದನ್ನು ತಡೆಯಬಹುದು. ಆಗ ಸ್ಲಾಟ್ ಉಳಿಯುತ್ತದೆ, ಬೋನಸ್ ಆ್ಯಕ್ಷನ್ ಹೋಗುತ್ತದೆ. ಬಾರ್ಬೇರಿಯನ್ ಕ್ಲಾಸನ್ನೂ ಬೆರೆಸಿ ಮಲ್ಟಿಕ್ಲಾಸ್ ಮಾಡಿದವರಿಗೆ ರೇಜ್‌ನಲ್ಲಿರುವಾಗ (ರೋಷ ಉಕ್ಕಿಸಿ ಕಾದುವಾಗ) ಸ್ಪೆಲ್ ಹಾಕಲಾಗದು, ಆ ಹಳೆಯ ಜೋಡಿ ಅಲ್ಲಿಗೆ ಮುಗಿಯಿತು. ಹೊಸದಾಗಿ ಸಿಕ್ಕ ಒಂದು ಲಾಭವನ್ನು ಬಹಳ ಜನ ಗಮನಿಸುವುದಿಲ್ಲ. ನಿಯಮ ಈಗ ‘ಮೆಲೀ ಆಯುಧದಿಂದ ತಾಗಿದರೆ’ ಎನ್ನುತ್ತದೆ. ಜಾವೆಲಿನ್ (ಈಟಿ) ಎಸೆಯಬಹುದಾದ ಆಯುಧವಾದರೂ ಪಟ್ಟಿಯಲ್ಲಿರುವುದು ಮೆಲೀ, ಅಂದರೆ ಹತ್ತಿರದಿಂದ ಹೊಡೆಯುವ ಆಯುಧಗಳ, ಗುಂಪಿನಲ್ಲೇ. ಅಂದರೆ 30 ಅಡಿ ದೂರದಿಂದ ಜಾವೆಲಿನ್ ಎಸೆದೂ ಸ್ಮೈಟ್ ಹಾಕಬಹುದು. ಶುರುವಿನ ಸಾಮಾನಿನಲ್ಲೇ ಆರು ಜಾವೆಲಿನ್ ಕೊಡುತ್ತಾರೆ, ಮಾರಿಕೊಳ್ಳಬೇಡಿ.

ನಿಜವಾದ ತಲೆನೋವು ಬೋನಸ್ ಆ್ಯಕ್ಷನ್‌ನ ನೂಕುನುಗ್ಗಲು. ಸ್ಮೈಟ್ ಅಲ್ಲಿಗೇ ಬಂತು, ಗಾಯ ಮಾಯಿಸುವ ಲೇ ಆನ್ ಹ್ಯಾಂಡ್ಸ್ ಅಲ್ಲಿಗೇ ಬಂತು, ಶೀಲ್ಡ್ ಆಫ್ ಫೇತ್ ಮೊದಲಿಂದಲೂ ಅಲ್ಲೇ ಇತ್ತು. ಬಿದ್ದ ಗೆಳೆಯನನ್ನು ಎಬ್ಬಿಸಬೇಕೋ, ರಾಕ್ಷಸನಿಗೆ ಇನ್ನೊಂದು ಬಾರಿಸಬೇಕೋ, ಎರಡರಲ್ಲಿ ಒಂದೇ. ಇದರ ಮೇಲೆ ಪೋಲ್‌ಆರ್ಮ್ ಮಾಸ್ಟರ್‌ನಂಥ ಬೋನಸ್ ಆ್ಯಕ್ಷನ್ ಬೇಡುವ ಫೀಟ್ (ವಿಶೇಷ ಕೌಶಲ) ತೆಗೆದುಕೊಂಡರೆ ಅರ್ಧ ಶಕ್ತಿ ಹಾಳೆಯಲ್ಲೇ ಉಳಿಯುತ್ತದೆ. ಇನ್ನೊಂದು ನಿಯಮವೂ ನೆನಪಿರಲಿ: ಒಂದು ಸರದಿಯಲ್ಲಿ ಸ್ಲಾಟ್ ಖರ್ಚು ಮಾಡಿ ಹಾಕಬಹುದಾದ ಸ್ಪೆಲ್ ಒಂದೇ.

ಲೇ ಆನ್ ಹ್ಯಾಂಡ್ಸ್‌ನ ಒಟ್ಟು ಮೊತ್ತ ಲೆವೆಲ್‌ನ ಐದು ಪಟ್ಟು. ಮೂರನೇ ಲೆವೆಲ್‌ನಲ್ಲಿ 15 ಪಾಯಿಂಟ್. ಹೊಸಬರು ಗೆಳೆಯ ಬಿದ್ದ ಕೂಡಲೇ ಹದಿನೈದನ್ನೂ ಒಮ್ಮೆಗೇ ಸುರಿಯುತ್ತಾರೆ. ಕಾಳಗದ ನಡುವೆ ಒಂದೇ ಪಾಯಿಂಟ್ ಕೊಡಿ. ಸೊನ್ನೆಗೆ ಬಿದ್ದವನು ಒಂದು ಹಿಟ್ ಪಾಯಿಂಟ್ (ಪ್ರಾಣಬಲದ ಅಂಕ) ಸಿಕ್ಕರೂ ಎದ್ದು ತನ್ನ ಸರದಿ ಪೂರ್ತಿ ಆಡುತ್ತಾನೆ. ಈ ಲೆಕ್ಕದಲ್ಲಿ 15 ಪಾಯಿಂಟ್ ಎಂದರೆ 15 ಸಲ ಎಬ್ಬಿಸುವ ಶಕ್ತಿ. ವಿಷ ಇಳಿಸಲು ಐದು ಪಾಯಿಂಟ್ ಬೇಕು, ಅಷ್ಟನ್ನು ತೆಗೆದಿಟ್ಟಿರಿ.

ಬ್ಲೆಸ್ ಹಾಕಬೇಕೋ ಸ್ಮೈಟ್ ಹಾಕಬೇಕೋ ಎಂಬುದಕ್ಕೆ ಒಂದು ಲೆಕ್ಕ. ಮೊದಲ ಲೆವೆಲ್ ಸ್ಲಾಟಿನ ಸ್ಮೈಟ್ 2ಡಿ8, ಸರಾಸರಿ 9. ಬ್ಲೆಸ್ ಮೂವರಿಗೆ ಪ್ರತಿ ಏಟಿನ ಡಿ20ಗೂ (ತಾಗಿತೇ ಎಂದು ನೋಡಲು ಹಾಕುವ ಇಪ್ಪತ್ತು ಮುಖದ ಡೈಸ್) ಪ್ರತಿ ಸೇವ್‌ಗೂ (ಅಪಾಯದಿಂದ ತಪ್ಪಿಸಿಕೊಳ್ಳಲು ಹಾಕುವ ಡೈಸ್) 1ಡಿ4, ಅಂದರೆ ಸರಾಸರಿ ಎರಡೂವರೆ, ಸೇರಿಸುತ್ತದೆ. ಮೂವರೂ ನಾಲ್ಕು ಸುತ್ತು ಒಂದೊಂದು ಏಟು ಬೀಸಿದರೆ 12 ಏಟು. ತಪ್ಪಬೇಕಿದ್ದ ಒಂದೂವರೆ ಏಟು ತಾಗುತ್ತದೆ, ಸೇವ್‌ನ ಲಾಭ ಬೇರೆ. ಆದರೆ ಬ್ಲೆಸ್‌ಗೆ ಆ್ಯಕ್ಷನ್ ಬೇಕು, ಅಂದರೆ ನಿಮ್ಮ ಒಂದು ಸರದಿಯ ಏಟು ಹೋಯಿತು. ಕಾನ್ಸಂಟ್ರೇಷನ್ನೂ (ಪೆಟ್ಟು ಬಿದ್ದಾಗಲೆಲ್ಲ ಸೇವ್ ಗೆದ್ದು ಉಳಿಸಿಕೊಳ್ಳಬೇಕಾದ ಏಕಾಗ್ರತೆ) ಬೇಕು, ಪ್ಯಾಲಡಿನ್‌ಗೆ ಕಾನ್ಸ್ಟಿಟ್ಯೂಷನ್ ಸೇವ್‌ನಲ್ಲಿ ಪ್ರೊಫಿಶಿಯೆನ್ಸಿ (ಪರಿಣತಿಯ ಬೋನಸ್) ಇಲ್ಲ, ಮುಂಚೂಣಿಯಲ್ಲಿ ಪೆಟ್ಟು ತಿನ್ನುವವನ ಬ್ಲೆಸ್ ಬೇಗ ಕಳಚಿಕೊಳ್ಳುತ್ತದೆ. ಕಾಳಗ ಎರಡು ಸುತ್ತಿನಲ್ಲಿ ಮುಗಿಯುವಂತಿದ್ದರೆ ಬ್ಲೆಸ್ ಬೇಡ.

ಕತ್ತಿ ಮತ್ತು ಗುರಾಣಿ ಎರಡೂ ಕೈಯಲ್ಲಿದ್ದಾಗ ಇನ್ನೊಂದು ಪೇಚು ಬರುತ್ತದೆ. ಪವಿತ್ರ ಚಿಹ್ನೆಯನ್ನು ಗುರಾಣಿಯ ಮೇಲೆಯೇ ಬರೆಸಿಕೊಂಡರೆ ಬ್ಲೆಸ್‌ಗೆ ಆ ಕೈಯೇ ಸಾಕು, ಏಕೆಂದರೆ ಅದಕ್ಕೆ ವಸ್ತುವಿನ ಅಗತ್ಯವಿದೆ. ಕ್ಯೂರ್ ವೂಂಡ್ಸ್‌ಗೆ ವಸ್ತು ಬೇಡ, ಕೈಸನ್ನೆ ಬೇಕು. ಹಾಗಾಗಿ ಖಾಲಿ ಕೈ ಬೇಕೇ ಬೇಕು, ಕತ್ತಿ ಕೆಳಗಿಡಲೇಬೇಕು. ವಿಚಿತ್ರ ನಿಯಮ, ಆದರೆ ಇರುವುದು ಹಾಗೇ. ಬಹಳಷ್ಟು ಡಿಎಂಗಳು ಇದನ್ನು ನೋಡಿಯೂ ನೋಡದಂತೆ ಬಿಡುತ್ತಾರೆ. ಮೊದಲ ದಿನವೇ ಕೇಳಿಕೊಳ್ಳಿ.

ಆರನೇ ಲೆವೆಲ್‌ನ ಆರಾ ಆಫ್ ಪ್ರೊಟೆಕ್ಷನ್ ಈ ಕ್ಲಾಸಿನ ಜೀವಾಳ. ಹತ್ತು ಅಡಿ ಒಳಗಿರುವ ನಿಮ್ಮವರ ಎಲ್ಲ ಸೇವ್‌ಗೂ ನಿಮ್ಮ ಕರಿಸ್ಮಾ ಬೋನಸ್ ಸೇರುತ್ತದೆ. ಕರಿಸ್ಮಾ 16 ಮಾಡಿ ಎಂದದ್ದು ಇದಕ್ಕೆ: ಐದು ಜನರ ಗುಂಪಿನಲ್ಲಿ ಅದರಿಂದ ಬೋನಸ್‌ಗೆ ಸೇರುವ ಒಂದು ಪಾಯಿಂಟ್ ಐದು ಜನರಿಗೂ ಸಿಗುತ್ತದೆ. ಚೌಕಳಿ ಹಾಳೆಯ ಮೇಲೆ ಚೌಕಕ್ಕೆ ಐದು ಅಡಿ ಎಂದು ಹಿಡಿದರೆ ನಿಮ್ಮ ಸುತ್ತ ಎಲ್ಲ ದಿಕ್ಕಿಗೂ ಎರಡೆರಡು ಚೌಕ, ಒಟ್ಟು 25. ಅಷ್ಟಗಲದ ಒಂದು ರಟ್ಟಿನ ಚೌಕಟ್ಟು ಕತ್ತರಿಸಿ ಗೊಂಬೆಯ ಸುತ್ತ ಇಟ್ಟುಕೊಂಡರೆ ಪ್ರತಿ ಸಲ ಎಣಿಸುವ ಗೋಜಿಲ್ಲ. ಎಚ್ಚರ ಏನೆಂದರೆ, ಆರಾದ ಆಸೆಗೆ ಎಲ್ಲರೂ ಒತ್ತೊತ್ತಾಗಿ ನಿಂತರೆ 20 ಅಡಿ ತ್ರಿಜ್ಯದ ಒಂದೇ ಫೈರ್‌ಬಾಲ್‌ಗೆ ಎಲ್ಲರೂ ಸಿಗುತ್ತಾರೆ. ನೀವು ಪ್ರಜ್ಞೆ ತಪ್ಪಿ ಬಿದ್ದರೆ ಆರಾ ಆರಿಹೋಗುತ್ತದೆ.

ಐದನೇ ಲೆವೆಲ್‌ನಲ್ಲಿ ದಿನಕ್ಕೊಮ್ಮೆ ಪುಕ್ಕಟೆ ಕುದುರೆ. 25 ಹಿಟ್ ಪಾಯಿಂಟ್, 60 ಅಡಿ ವೇಗ. ಬಯಲಲ್ಲಿ ಸೊಗಸು, ಗುಹೆಯಲ್ಲಿ ಅಡ್ಡಿ.

ಇನ್ನು ಆಣೆ. 1975ರ ಗ್ರೇಹಾಕ್ ಸಪ್ಲಿಮೆಂಟ್‌ನಲ್ಲಿ ಪ್ಯಾಲಡಿನ್ ಮೊದಲು ಕಾಣಿಸಿಕೊಂಡಾಗಿನಿಂದ ಈ ಕ್ಲಾಸಿನ ತೂಕವೆಲ್ಲ ಕಟ್ಟುಪಾಡಿನಲ್ಲಿತ್ತು. 1978ರ ಹ್ಯಾಂಡ್‌ಬುಕ್‌ನಲ್ಲಿ ಮನುಷ್ಯರಿಗೆ ಮಾತ್ರ ಅವಕಾಶ, ಕರಿಸ್ಮಾ ಕನಿಷ್ಠ 17. ಆರು ಮುಖದ ಮೂರು ಡೈಸ್ ಹಾಕಿದರೆ 54 ಸಲಕ್ಕೊಮ್ಮೆ ಬೀಳುವ ಅಂಕಿ ಅದು. ಗಳಿಕೆಯ ಹತ್ತನೇ ಒಂದು ಪಾಲು ದಾನ ಕೊಡಬೇಕು, ಹತ್ತಕ್ಕಿಂತ ಹೆಚ್ಚು ಮಾಂತ್ರಿಕ ವಸ್ತು ಇಟ್ಟುಕೊಳ್ಳುವಂತಿಲ್ಲ. ಬೇಕೆಂದೇ ಒಂದು ದುಷ್ಟ ಕೆಲಸ ಮಾಡಿದರೆ ಪದವಿ ಹೋಯಿತು, ಮತ್ತೆಂದೂ ಸಿಗದು. ಅದು ಅತಿಯಾಗಿತ್ತು, ಗುಂಪುಗಳಲ್ಲಿ ಜಗಳ ತರುತ್ತಿತ್ತು, ಸರಿ. ಆದರೆ 2024ರ ಪುಸ್ತಕ ಇನ್ನೊಂದು ತುದಿಗೆ ಹೋಗಿದೆ. ಡಿವೋಷನ್ ಆಣೆಯ ಸಾರ ಮೂರು ಸಾಲು: ಕೊಟ್ಟ ಮಾತೇ ವಾಗ್ದಾನವಾಗಲಿ, ದುರ್ಬಲರನ್ನು ಕಾಯಿ, ನಿನ್ನ ನಡತೆ ಮಾದರಿಯಾಗಲಿ. ಮುರಿದರೆ? ಒಂದು ಚಿಕ್ಕ ಚೌಕದಲ್ಲಿ ಡಿಎಂ ಜೊತೆ ಮಾತಾಡಿ, ಸಬ್‌ಕ್ಲಾಸೋ ಕ್ಲಾಸೋ ಬದಲಿಸಿಕೊಳ್ಳಿ ಎಂಬ ಸಲಹೆ ಇದೆ. 2014ರ ಡಿಎಂ ಪುಸ್ತಕದಲ್ಲಿದ್ದ ಓತ್‌ಬ್ರೇಕರ್ (ಆಣೆ ಮುರಿದವನ ಸಬ್‌ಕ್ಲಾಸ್) ಈ ಸಲ ಇಲ್ಲ. ನಾಲ್ಕು ಆಣೆಗಳಲ್ಲಿ ಯಾವುದನ್ನು ಹಿಡಿದರೂ ಆಟದ ನಡುವೆ ಅದು ನಿಮ್ಮ ಕೈ ಕಟ್ಟುವುದೇ ಇಲ್ಲ.

ಹಾಸನದವರಿಗೆ ಇದನ್ನು ಸರಿಮಾಡಿಕೊಳ್ಳುವ ದಾರಿ ಮನೆ ಬಾಗಿಲಲ್ಲೇ ಇದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬ ನೋಡಿ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ನೆನಪಿನದು. ಒಡೆಯನ ಜೊತೆಗೇ ಪ್ರಾಣ ಬಿಡುವ ಆಣೆ ತೊಟ್ಟವರಿಗೆ ಗರುಡರು ಎಂದು ಹೆಸರು. ಕಂಬದ ಮೇಲೆ ತಮ್ಮ ತಲೆ ತಾವೇ ಕೊಯ್ದುಕೊಳ್ಳುವ ವೀರರನ್ನು ಕೆತ್ತಿದ್ದಾರೆ. ಊರ ತುರು ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳಂತೂ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿಗೆ ಸಿಗುತ್ತವೆ. ಈ ಆಣೆಗಳಲ್ಲಿ ಯಾರಿಗಾಗಿ, ಏನನ್ನು, ಎಲ್ಲಿಯವರೆಗೆ ಎಂಬುದು ಖಚಿತವಾಗಿರುತ್ತಿತ್ತು. ಪ್ಯಾಲಡಿನ್ ಹಾಳೆಯ ಮೇಲೂ ಅಷ್ಟೇ ಖಚಿತವಾಗಿ ಬರೆಯಿರಿ. ‘ದುರ್ಬಲರನ್ನು ಕಾಯುತ್ತೇನೆ’ ಎಂಬುದರಿಂದ ಕಥೆ ಹುಟ್ಟದು. ‘ಈ ಊರಿನ ದನ ಒಂದಾದರೂ ಶತ್ರುವಿನ ಕೈಯಲ್ಲಿರುವಾಗ ಹಿಂತಿರುಗಿ ಬರೆನು’ ಎಂದು ಬರೆದರೆ ಡಿಎಂಗೆ ಮೂರು ವಾರದ ಆಟ ಸಿಕ್ಕಿತು. ಮುರಿದರೆ ಏನಾಗುತ್ತದೆ ಎಂಬುದನ್ನೂ ಮೊದಲೇ ಒಪ್ಪಿಕೊಳ್ಳಿ: ಪ್ರಾಯಶ್ಚಿತ್ತ ಆಗುವವರೆಗೆ ಚಾನೆಲ್ ಡಿವಿನಿಟಿ (ಆಣೆಯಿಂದ ಸಿಗುವ ವಿಶೇಷ ದೈವಶಕ್ತಿ) ಇಲ್ಲ ಎಂದರೆ ಸಾಕು. ಸ್ಮೈಟ್ ಕಿತ್ತುಕೊಂಡರೆ ಆಟಗಾರನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಆಣೆ ಗುಂಪಿನ ಮಿಕ್ಕವರ ಕೈ ಕಟ್ಟಬಾರದು, ತನ್ನ ಕೈಯನ್ನಷ್ಟೇ. ಕಳ್ಳನ ಪಾತ್ರ ಆಡುವವನಿಗೆ ಪ್ರತಿ ಬಾಗಿಲಲ್ಲೂ ಉಪದೇಶ ಕೊಡುವ ಪ್ಯಾಲಡಿನ್‌ನಿಂದ ಮುರಿದುಬಿದ್ದ ಗುಂಪುಗಳಿಗೆ ಲೆಕ್ಕವಿಲ್ಲ.

ಸಬ್‌ಕ್ಲಾಸ್‌ಗಳಲ್ಲಿ ಮೊದಲ ಸಲಕ್ಕೆ ಡಿವೋಷನ್ನೇ ಸರಿ. ಸೇಕ್ರೆಡ್ ವೆಪನ್ ಈಗ ಏಟು ಬೀಸುವಾಗಲೇ ಶುರುವಾಗುತ್ತದೆ, ಹತ್ತು ನಿಮಿಷ ಪ್ರತಿ ಏಟಿನ ಡಿ20ಗೂ ಕರಿಸ್ಮಾ ಬೋನಸ್ ಸೇರಿಸುತ್ತದೆ. ಒಬ್ಬನೇ ದೊಡ್ಡ ಶತ್ರುವಿನ ಮೇಲೆ ವೆಂಜೆನ್ಸ್ ಇನ್ನೂ ಹರಿತ, ಆದರೆ ದುಷ್ಟರಿಗೆ ಕರುಣೆ ತೋರದ ಆ ಆಣೆ ಗುಂಪಿನಲ್ಲಿ ಬೇಗ ಜಗಳ ತರುತ್ತದೆ. ಏನ್ಷೆಂಟ್ಸ್ ಹಿಂದಿನಷ್ಟು ಗಟ್ಟಿಯಿಲ್ಲ: ಸ್ಪೆಲ್‌ಗಳ ಡ್ಯಾಮೇಜನ್ನೆಲ್ಲ ಅರ್ಧ ಮಾಡುತ್ತಿದ್ದ ಅದರ ಆರಾ ಈಗ ಮೂರು ಬಗೆಯ ಡ್ಯಾಮೇಜ್‌ಗೆ ಸೀಮಿತ. ಗ್ಲೋರಿ ನಮಗೆ ರುಚಿಸಲಿಲ್ಲ.

ಗುಂಪೇ ಇಲ್ಲದವರಿಗೆ ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟ ಇದೆ. 2023ರ ಆಟ, 2014ರ ನಿಯಮಗಳ ಮೇಲೆ ಕಟ್ಟಿದ್ದು, ಹಾಗಾಗಿ ಸರದಿಗೆ ಎರಡು ಸ್ಮೈಟ್‌ನ ಆ ಹಳೆಯ ಮಜಾ ಅಲ್ಲಿ ಹಾಗೇ ಉಳಿದಿದೆ. ಲೆವೆಲ್ 12ಕ್ಕೆ ನಿಲ್ಲುತ್ತದೆ. ಆಣೆ ಮುರಿದರೆ ಓತ್‌ಬ್ರೇಕರ್ ನೈಟ್ ಶಿಬಿರಕ್ಕೇ ಬಂದು ಮಾತಿಗೆ ಕೂರುತ್ತಾನೆ. ಪುಸ್ತಕ ಮಾಡಲಾಗದ್ದನ್ನು ಅದು ಮಾಡಿದೆ. ಕಿರಿಕಿರಿ ಏನೆಂದರೆ ಯಾವ ಕೆಲಸಕ್ಕೆ ಆಣೆ ಮುರಿಯುತ್ತದೆ ಎಂದು ಮೊದಲೇ ಸುಳಿವು ಕೊಡುವುದಿಲ್ಲ. ಇನ್ನೂ ಹಗೆ ತೋರದವರ ಮೇಲೆ ಕತ್ತಿ ಎತ್ತುವ ಮುನ್ನ, ಸೆರೆಯಾಳುಗಳ ವಿಷಯದಲ್ಲಿ ಮಾತು ಆರಿಸುವ ಮುನ್ನ ಎಫ್5 ಒತ್ತಿ ಸೇವ್ ಮಾಡಿಕೊಳ್ಳಿ.