ಪಿಡಿಎ ಮುಚ್ಚಲು ಕಾಯಿಲ್, ಡಿವೈಸ್, ಆಪರೇಷನ್: ಯಾವಾಗ ಯಾವುದು?

ಮಗುವಿನ ಪಿಡಿಎ ಹೇಗೆ ಮುಚ್ಚಿಸೋದು ಅಂತ ಕೇಳಿದ್ದೀರಿ. ಪಿಡಿಎ ಅಂದರೆ ಹೃದಯದ ಬಳಿ, ಮಹಾಅಪಧಮನಿಗೂ ಶ್ವಾಸಕೋಶದ ರಕ್ತನಾಳಕ್ಕೂ ನಡುವೆ ಮುಚ್ಚದೆ ಉಳಿದ ದಾರಿ. ಇದು ಹುಟ್ಟಿದ ಕೆಲವೇ ದಿನಗಳಲ್ಲಿ ತಾನಾಗಿ ಮುಚ್ಚಬೇಕು. ಮುಚ್ಚದಿದ್ದರೆ ಮೊದಲು ನೋಡಬೇಕಾದದ್ದು ಎಕೋದಲ್ಲಿ (ಹೃದಯದ ಸ್ಕ್ಯಾನ್) ಕಾಣುವ ಆ ದಾರಿಯ ಅಳತೆ.

ದಾರಿ ತೀರಾ ಸಣ್ಣದು, ಸುಮಾರು 2 ಮಿ.ಮೀ. ಒಳಗಿದ್ದರೆ ಕಾಯಿಲ್, ಅಂದರೆ ಸುರುಳಿ ಸುತ್ತಿದ ಪುಟ್ಟ ತಂತಿ, ಸಾಕಾಗಬಹುದು. ಅದರ ಬೆಲೆಯೂ ಕಡಿಮೆ. ಅದಕ್ಕಿಂತ ದೊಡ್ಡದಾದರೆ ಕಾಯಿಲ್ ಜಾರುವ, ರಕ್ತ ಸೋರುವ ಭಯ ಜಾಸ್ತಿ. ಅಲ್ಲಿ ಡಿವೈಸ್ ವಾಸಿ. ತೆಳು ತಂತಿಯ ಬಲೆ ಅದು. ನಳಿಕೆಯೊಳಗೆ ಮಡಚಿಕೊಂಡು ತೊಡೆಸಂದಿನ ರಕ್ತನಾಳದಿಂದ ಹೋಗಿ, ಜಾಗ ಸಿಕ್ಕ ಕೂಡಲೇ ಪುಟ್ಟ ಅಣಬೆಯಂತೆ ಅರಳುತ್ತದೆ. ಎದೆಯ ಮೇಲೆ ಗಾಯವಿಲ್ಲ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಬರಬಹುದು.

ಹಾಗಂತ ಆಪರೇಷನ್ ಹಳೆಯದು ಅಂತ ಸುಮ್ನೆ ತಳ್ಳಿಹಾಕಬೇಡಿ. 1938ರಲ್ಲಿ ಬಾಸ್ಟನ್‌ನಲ್ಲಿ ಶಸ್ತ್ರವೈದ್ಯ ರಾಬರ್ಟ್ ಗ್ರಾಸ್ ಶುರು ಮಾಡಿದ ವಿಧಾನ ಅದು. ದಾರಿಯ ಆಕಾರ ಡಿವೈಸ್‌ಗೆ ಒಗ್ಗದಿದ್ದರೆ ಈಗಲೂ ಅದೇ ಗತಿ. ಪಕ್ಕೆಲುಬಿನ ನಡುವೆ ಗಾಯವಾಗುತ್ತದೆ, ನೋವಿರುತ್ತದೆ. ಹತ್ತಿರದ ನರಕ್ಕೆ ಪೆಟ್ಟಾದರೆ ಸ್ವರ ಒಡೆಯಬಹುದು.

ಅವಧಿಗೆ ಮುಂಚೆ ಹುಟ್ಟಿದ ಕಂದನ ವಿಷಯವೇ ಬೇರೆ, ಅಲ್ವಾ? ಮೊದಲು ಔಷಧಿ ಅಥವಾ ಕಾಯುವುದು. 700 ಗ್ರಾಂ ತೂಕದ ಕೂಸಿಗೂ ಹಾಕಬಹುದಾದ ಡಿವೈಸ್‌ಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಅದಕ್ಕೆ ಪಳಗಿದ ಕೈ ಬೇಕು. ಹಾಗಾಗಿ ಇಂಥ ಎಷ್ಟು ಕೂಸುಗಳಿಗೆ ಮಾಡಿದ್ದೀರಿ ಅಂತ ವೈದ್ಯರನ್ನು ಧೈರ್ಯವಾಗಿ ಕೇಳಿ.