ಡ್ರಗ್ಸ್ ಕೇಸಿನಲ್ಲಿ ಚಿಕಿತ್ಸೆ: ಕಲಂ 64ಎ ಮೇಲಾ, 39 ಮೇಲಾ?

ಮನೆಯ ಹುಡುಗ ಚಟಕ್ಕೆ ಬಿದ್ದು ಪೊಲೀಸರ ಕೈಗೂ ಸಿಕ್ಕಿದ್ದರೆ, 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ (ಮಾದಕ ವಸ್ತುಗಳ ಕಾಯ್ದೆ) ಜೈಲಿನ ಬದಲು ಚಿಕಿತ್ಸೆಗೆ ಎರಡು ದಾರಿ ಇವೆ: ಕಲಂ 64ಎ ಮತ್ತು ಕಲಂ 39. ಎರಡೂ ವ್ಯಸನಿಗಳಿಗೆ ಮಾತ್ರ, ಅದೂ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿಗೆ. ಗಾಂಜಾ ಆದರೆ 1 ಕೆಜಿ ತನಕ ಸಣ್ಣ ಪ್ರಮಾಣ, ಹೆರಾಯಿನ್ ಆದರೆ ಬರೀ 5 ಗ್ರಾಂ.

64ಎ ಪ್ರಕಾರ ಆರೋಪಿ ತಾನಾಗಿಯೇ ಮುಂದೆ ಬಂದು ಪೂರ್ತಿ ಚಿಕಿತ್ಸೆ ಪಡೆದರೆ ಕೇಸ್ ನಡೆಸುವುದೇ ಇಲ್ಲ. ಅರ್ಧಕ್ಕೆ ಬಿಟ್ಟು ಬಂದರೆ ಆ ವಿನಾಯಿತಿ ಹೋಗಬಹುದು.

39 ಬರುವುದು ತಪ್ಪಿತಸ್ಥ ಅಂತ ತೀರ್ಮಾನವಾದ ಮೇಲೆ. ಜಡ್ಜ್ ವಯಸ್ಸು, ನಡತೆ, ಆರೋಗ್ಯ ಎಲ್ಲ ನೋಡಿ, ಅವನ ಒಪ್ಪಿಗೆ ಕೇಳಿ, ತಕ್ಷಣ ಜೈಲು ಶಿಕ್ಷೆ ಹಾಕದೆ ಬಾಂಡ್ (ಮುಚ್ಚಳಿಕೆ) ಬರೆಸಿಕೊಂಡು ಚಿಕಿತ್ಸೆಗೆ ಕಳಿಸಬಹುದು. ಜಡ್ಜ್ ಈ ಅವಕಾಶ ಕೊಡಲೇಬೇಕು ಅಂತೇನಿಲ್ಲ. ಒಂದು ವರ್ಷದೊಳಗೆ ಕೋರ್ಟಿಗೆ ಹಾಜರಾಗಿ ಚಿಕಿತ್ಸೆಯ ವರದಿ ಕೊಡಬೇಕು. ವರದಿ ಚೆನ್ನಾಗಿದ್ದರೆ ಬುದ್ಧಿ ಹೇಳಿ, 3 ವರ್ಷದವರೆಗಿನ ಇನ್ನೊಂದು ಬಾಂಡ್ ಮೇಲೆ ಬಿಡಬಹುದು. ಇಲ್ಲದಿದ್ದರೆ ಶಿಕ್ಷೆ.

ನನ್ನನ್ನು ಕೇಳಿದರೆ ಮೊದಲು 64ಎ. ಅಪರಾಧಿ ಅನ್ನುವ ಹಣೆಪಟ್ಟಿ ಬೀಳುವ ಮುಂಚೆಯೇ ಪಾರಾಗುವುದು ದೊಡ್ಡ ಮಾತು ಅಲ್ವಾ? ಆದರೆ ಹುಡುಗನಿಗೇ ಮನಸ್ಸಿಲ್ಲದೆ, ವಕೀಲರು ಹೇಳಿದರು ಅಂತ ಸುಮ್ನೆ ಅರ್ಜಿ ಹಾಕಿದರೆ ನಿಲ್ಲುವುದು ಕಷ್ಟ. ಅಂಥವನಿಗೆ ಕೋರ್ಟಿನ ಭಯ ತಲೆಮೇಲಿರುವ 39 ಜಾಸ್ತಿ ಕೆಲಸ ಮಾಡೀತು.

ಎರಡರಲ್ಲೂ ಚಿಕಿತ್ಸಾ ಕೇಂದ್ರ ಸರ್ಕಾರದ್ದೋ ಸರ್ಕಾರದ ಮಾನ್ಯತೆ ಇರುವುದೋ ಆಗಿರಬೇಕು. ದುಡ್ಡು ಕಟ್ಟುವ ಮುಂಚೆ ಮಾನ್ಯತೆ ಪತ್ರ ಕೇಳಿ, ಡಿಸ್ಚಾರ್ಜ್ ಚೀಟಿಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಕೇಂದ್ರ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ.