ಆಕ್ಸೆಸ್ ಫಾರ್ಮ್‌ನಲ್ಲಿ ಕೆಲಸದ ದಿನಗಳ ಲೆಕ್ಕ: ಯಾವ ದಾರಿಯನ್ನು ನೆಚ್ಚಿಕೊಳ್ಳಬಹುದು?

ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಒಂದು ಫಾರ್ಮ್ ಇದೆ ಅಂದುಕೊಳ್ಳಿ. ಒಂದು ಬಾಕ್ಸ್‌ನಲ್ಲಿ ಅರ್ಜಿ ಬಂದ ತಾರೀಕು. ಇನ್ನೊಂದರಲ್ಲಿ ಎಷ್ಟು ಕೆಲಸದ ದಿನಗಳೊಳಗೆ ಮುಗಿಸಬೇಕು ಅನ್ನುವ ಸಂಖ್ಯೆ. ಮೂರನೆಯದರಲ್ಲಿ ಗಡುವು ತಾನಾಗಿಯೇ ಬರಬೇಕು. ಶನಿವಾರ, ಭಾನುವಾರ, ರಜೆ ಮೂರನ್ನೂ ಬಿಟ್ಟು ಎಣಿಸಬೇಕು. ಕೇಳೋಕೆ ಚಿಕ್ಕ ಕೆಲಸ, ಅಲ್ವಾ? ಆದರೆ ಆಕ್ಸೆಸ್‌ನಲ್ಲಿ ಇದಕ್ಕೆ ಅಂತ ಸಿದ್ಧ ಫಂಕ್ಷನ್ ಇಲ್ಲ. ಎಕ್ಸೆಲ್‌ನಲ್ಲಿ ವರ್ಕ್‌ಡೇ ಅನ್ನುವ ಫಂಕ್ಷನ್ ಇದೆ, ಇಲ್ಲಿ ಇಲ್ಲ. ಹಾಗಾಗಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ. ನಾನು ಐದು ದಾರಿಗಳನ್ನು ಒಂದೇ ಫಾರ್ಮ್‌ನಲ್ಲಿ ಕೂರಿಸಿ, ಒಂದೇ ತಾರೀಕುಗಳನ್ನು ಕೊಟ್ಟು ನೋಡಿದೆ.

ಪರೀಕ್ಷೆಗೆ ತೆಗೆದುಕೊಂಡ ದಿನ 2025ರ ಜನವರಿ 3, ಶುಕ್ರವಾರ. ಅಲ್ಲಿಂದ 10 ಕೆಲಸದ ದಿನ. ಶನಿವಾರ, ಭಾನುವಾರ ಮಾತ್ರ ಬಿಟ್ಟರೆ ಉತ್ತರ ಜನವರಿ 17, ಶುಕ್ರವಾರ. 15ನೇ ತಾರೀಕು ಬುಧವಾರ ರಜೆ ಅಂತ ಸೇರಿಸಿದರೆ ಜನವರಿ 20, ಸೋಮವಾರ.

ಮೊದಲು ಎಲ್ಲರ ಕೈ ಹೋಗುವುದು ತಾರೀಕಿಗೆ ದಿನ, ತಿಂಗಳು ಕೂಡಿಸುವ ಡೇಟ್‌ಆಡ್ ಫಂಕ್ಷನ್ ಕಡೆಗೆ. ಅದರಲ್ಲಿ ದಿನಕ್ಕೆ 'ಡಿ', ತಿಂಗಳಿಗೆ 'ಎಂ', ಹೀಗೆ ಬೇರೆ ಬೇರೆ ಅಕ್ಷರ ಕೊಡಬಹುದು. 'ಡಬ್ಲ್ಯೂ' ಅಂದರೆ ವೀಕ್‌ಡೇ. ಹೆಸರು ನೋಡಿದರೆ ಕೆಲಸದ ದಿನ ಎಣಿಸುತ್ತೆ ಅಂತಲೇ ಅನಿಸುತ್ತದೆ. ಆದರೆ ಅದು ಎಣಿಸುವುದು ಬರೀ ದಿನಗಳನ್ನು. 'ಡಿ' ಕೊಟ್ಟರೂ ಅದೇ ಉತ್ತರ, 'ಡಬ್ಲ್ಯೂ' ಕೊಟ್ಟರೂ ಅದೇ. ನಮ್ಮ ಪರೀಕ್ಷೆಯಲ್ಲಿ ಜನವರಿ 13 ಬಂತು. ಅದು ಸೋಮವಾರ. ಅಪಾಯ ಇರುವುದು ಇಲ್ಲೇ. ಭಾನುವಾರ ಬಂದಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಸೋಮವಾರ ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ, ಗಡುವು ಮಾತ್ರ ನಾಲ್ಕು ದಿನ ಹಿಂದೆ ಸರಿದಿರುತ್ತದೆ. ಈ ದಾರಿಯನ್ನು ಇಲ್ಲಿಗೇ ಬಿಡೋಣ.

ಎರಡನೆಯದು ಸೂತ್ರ. ಕೋಡ್ ಬರೆಯದೆ ಬಾಕ್ಸ್‌ನ ಕಂಟ್ರೋಲ್ ಸೋರ್ಸ್‌ನಲ್ಲೇ, ಅಂದರೆ ಬಾಕ್ಸ್‌ನಲ್ಲಿ ಏನು ಕಾಣಬೇಕು ಅಂತ ಹೇಳುವ ಜಾಗದಲ್ಲೇ, ಹಾಕಬಹುದು. ಐದು ಕೆಲಸದ ದಿನ ಅಂದರೆ ಏಳು ದಿನ ಅನ್ನುವುದೇ ಇದರ ಬುನಾದಿ. ದಿನಗಳ ಸಂಖ್ಯೆಯನ್ನು 5ರಿಂದ ಭಾಗಿಸಿ, ಬಂದದ್ದನ್ನು 7ರಿಂದ ಗುಣಿಸಿ, ಶೇಷವನ್ನು ಕೂಡಿಸಬೇಕು. ಸೋಮವಾರವನ್ನು 1 ಅಂತ ಎಣಿಸಿ, ಹೊರಟ ವಾರದ ದಿನಕ್ಕೆ ಶೇಷ ಸೇರಿಸಿದಾಗ 5 ದಾಟಿದರೆ ಇನ್ನೂ 2 ಕೂಡಿಸಬೇಕು. ಶನಿವಾರ ಅಥವಾ ಭಾನುವಾರ ಹೊರಟರೆ ಮೊದಲು ಶುಕ್ರವಾರಕ್ಕೆ ಹಿಂದೆ ಸರಿಸಿಕೊಳ್ಳಬೇಕು. ಎಷ್ಟು ದೊಡ್ಡ ಸಂಖ್ಯೆ ಕೊಟ್ಟರೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. 17 ಸರಿಯಾಗಿ ಬಂತು.

ರಜೆ ಸೇರಿದ ಕೂಡಲೇ ಇದು ಮುಗ್ಗರಿಸುತ್ತದೆ. ನಡುವೆ ಎಷ್ಟು ರಜೆ ಇದೆ ಅಂತ ಟೇಬಲ್‌ನ ಸಾಲುಗಳನ್ನು ಎಣಿಸುವ ಡಿಕೌಂಟ್ ಫಂಕ್ಷನ್‌ನಿಂದ ಎಣಿಸಿ ಅಷ್ಟು ದಿನ ಮುಂದೆ ತಳ್ಳಿದರಾಯಿತು ಅನಿಸುತ್ತದೆ. ಒಂದು ರಜೆಗೆ 17 ಹೋಗಿ 18 ಆಯಿತು. ಅದು ಶನಿವಾರ. ಅಲ್ಲಿಂದ ಸೋಮವಾರಕ್ಕೆ ತಳ್ಳಬೇಕು. ಆ ಸೋಮವಾರವೂ ರಜೆ ಆಗಿದ್ದರೆ? ಮತ್ತೆ ಎಣಿಸಬೇಕು. 11ನೇ ತಾರೀಕು ಶನಿವಾರ ಒಂದು ರಜೆ ಬಿದ್ದಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಲೇಬಾರದು. ಇಷ್ಟನ್ನೂ ಸೂತ್ರದೊಳಗೆ ತುರುಕಿದರೆ ಆರು ತಿಂಗಳ ಮೇಲೆ ಬರೆದವರಿಗೇ ಅರ್ಥವಾಗುವುದಿಲ್ಲ. ಗಡುವಿನಿಂದ ಹಿಂದಕ್ಕೆ ಎಣಿಸಬೇಕಾದರೆ ಷರತ್ತುಗಳೆಲ್ಲ ತಿರುವುಮುರುವು, ಇನ್ನೊಂದು ಸೂತ್ರವೇ ಬೇಕು. ರಜೆಯ ಗೊಡವೆಯೇ ಇಲ್ಲದ ಕಡೆ ಮಾತ್ರ ಇದು ಚೆನ್ನ.

ಮೂರನೆಯದು ವಿಬಿಎ ಲೂಪ್, ಅಂದರೆ ಆಕ್ಸೆಸ್‌ನೊಳಗಿನ ಕೋಡ್ ಭಾಷೆಯಲ್ಲಿ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ, ಯಾಕೆಂದರೆ ಮನುಷ್ಯರು ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಎಣಿಸುವ ಹಾಗೆಯೇ ಇದೂ ಎಣಿಸುತ್ತದೆ. ಒಂದು ದಿನ ಮುಂದೆ ಹೋಗು. ಶನಿವಾರವೋ ಭಾನುವಾರವೋ ನೋಡು. ರಜೆಗಳನ್ನು ಬರೆದಿಟ್ಟ ಟೇಬಲ್‌ನಲ್ಲಿ ಆ ದಿನ ಇದೆಯೋ ನೋಡು. ಎರಡೂ ಅಲ್ಲದಿದ್ದರೆ ಎಣಿಸಬೇಕಾದ ದಿನಗಳಿಂದ ಒಂದು ಕಳೆ. ಸೊನ್ನೆ ಆಗುವವರೆಗೆ ಮಾಡು. ಹತ್ತು ಹನ್ನೆರಡು ಸಾಲಿನ ಫಂಕ್ಷನ್. ಯಾರು ಓದಿದರೂ ಅರ್ಥವಾಗುತ್ತದೆ, ತಪ್ಪಿದ್ದರೆ ಕಣ್ಣಿಗೆ ಬೀಳುತ್ತದೆ. 17ಕ್ಕೆ 17, 20ಕ್ಕೆ 20 ಬಂತು.

ಆದರೆ ಮೂರು ಕಡೆ ಎಚ್ಚರ ಬೇಕು. ತಾರೀಕಿನ ಬಾಕ್ಸ್ ಖಾಲಿ ಇದ್ದರೆ ಫಂಕ್ಷನ್‌ಗೆ ನಲ್, ಅಂದರೆ ಏನೂ ಇಲ್ಲ ಅನ್ನುವ ಗುರುತು, ಹೋಗುತ್ತದೆ. ಅದು ಡೇಟ್ ಅಂತ ಘೋಷಿಸಿದ ಜಾಗದಲ್ಲಿ ಕೂರುವುದಿಲ್ಲ, ಹೊಸ ರೆಕಾರ್ಡ್ ತೆರೆದ ಕೂಡಲೇ ಬಾಕ್ಸ್‌ನಲ್ಲಿ ಎರರ್ ಕಾಣುತ್ತದೆ. ಅದಕ್ಕೆ ಯಾವ ಬಗೆಯ ಮಾಹಿತಿಯನ್ನಾದರೂ ಹಿಡಿಯುವ ವೇರಿಯಂಟ್ ಅಂತ ಘೋಷಿಸಿ, ನಲ್ ಬಂದರೆ ನಲ್ ವಾಪಸ್ ಕೊಡಬೇಕು. ಎರಡನೆಯದು, ಆಕ್ಸೆಸ್ ತಾರೀಕನ್ನು 1899ರ ಡಿಸೆಂಬರ್ 30ನ್ನು ಸೊನ್ನೆ ಮಾಡಿಕೊಂಡು ಒಂದು ಸಂಖ್ಯೆಯಾಗಿ ಇಡುತ್ತದೆ. ಸಮಯ ಅದರ ದಶಮಾಂಶ ಭಾಗ. ಈ ಕ್ಷಣದ ತಾರೀಕು ಕೊಡುವ ನೌ ಫಂಕ್ಷನ್‌ನಿಂದ ಬಂದ ತಾರೀಕಿನಲ್ಲಿ ಸಮಯವೂ ಅಂಟಿಕೊಂಡಿರುತ್ತದೆ. ಅದನ್ನು ಕತ್ತರಿಸದೆ ಹುಡುಕಿದರೆ ರಜೆ ಟೇಬಲ್‌ನ ಯಾವ ಸಾಲಿಗೂ ಹೊಂದುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಟೇಬಲ್‌ನಲ್ಲಿ ಹುಡುಕುವ ಡಿಲುಕಪ್ ಅಥವಾ ಡಿಕೌಂಟ್‌ನ ಷರತ್ತಿನಲ್ಲಿ ಹ್ಯಾಷ್ (#) ಚಿಹ್ನೆಗಳ ನಡುವೆ ತಾರೀಕು ಬರೆದಾಗ ಆಕ್ಸೆಸ್ ಅದನ್ನು ಮೊದಲು ತಿಂಗಳು, ಆಮೇಲೆ ದಿನ ಅಂತ ಓದುತ್ತದೆ. ನಮ್ಮ ಕಂಪ್ಯೂಟರ್ ಮೊದಲು ದಿನ ಬರೆಯುವ ಕ್ರಮದಲ್ಲಿದ್ದರೆ 08/01/2025 ಅನ್ನುವುದು ಆಗಸ್ಟ್ 1 ಆಗುತ್ತದೆ. 15/01/2025 ಮಾತ್ರ ಸರಿಯಾಗಿ ಜನವರಿ 15 ಆಗುತ್ತದೆ, ಏಕೆಂದರೆ 15ನೇ ತಿಂಗಳು ಇಲ್ಲ. ಅಂದರೆ 13ರಿಂದ ಮುಂದಿನ ತಾರೀಕುಗಳೆಲ್ಲ ಸರಿ, 12ರವರೆಗಿನವು ಅದಲುಬದಲು. ಈ ದೋಷ 15ರ ರಜೆಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ 8ನೇ ತಾರೀಕಿಗೂ ರಜೆ ಹಾಕಿ ನೋಡಬೇಕು. ವರ್ಷ, ತಿಂಗಳು, ದಿನ ಅನ್ನುವ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿ ಕಳಿಸಿದರೆ ಗೊಂದಲವೇ ಇರುವುದಿಲ್ಲ.

ವೇಗದ ವಿಷಯ: ಒಂದೇ ರೆಕಾರ್ಡ್ ತೋರಿಸುವ ಫಾರ್ಮ್‌ನಲ್ಲಿ ಲೂಪ್ ನಿಧಾನ ಅಂತ ಗೊತ್ತೇ ಆಗುವುದಿಲ್ಲ. ಹಲವು ರೆಕಾರ್ಡ್‌ಗಳನ್ನು ಒಟ್ಟಿಗೆ ತೋರಿಸುವ ಕಂಟಿನ್ಯುಯಸ್ ಫಾರ್ಮ್‌ನಲ್ಲಿ ಸ್ಕ್ರೋಲ್ ಮಾಡಿದಾಗ ಬಾಕ್ಸ್‌ಗಳು ಒಂದೊಂದಾಗಿ ತುಂಬುವುದು ಕಾಣುತ್ತದೆ. ಪ್ರತಿ ಸಾಲಿನ ಪ್ರತಿ ದಿನಕ್ಕೂ ಟೇಬಲ್ ತಡಕುವುದೇ ಕಾರಣ. ರಜೆಗಳನ್ನು ಒಮ್ಮೆ ಡಿಕ್ಷನರಿಗೆ (ಕೋಡ್ ನೆನಪಿನಲ್ಲಿ ಇಟ್ಟುಕೊಳ್ಳುವ ಪಟ್ಟಿಗೆ) ತುಂಬಿಕೊಂಡು ಅಲ್ಲಿಂದ ನೋಡಿದರೆ ಸಾಕು, ಸಲೀಸಾಗುತ್ತದೆ.

ನಾಲ್ಕನೆಯದು ಎಕ್ಸೆಲ್‌ನ ವರ್ಕ್‌ಡೇಯನ್ನೇ ಕರೆಯುವುದು. ಉತ್ತರ ಸರಿ ಬರುತ್ತದೆ. ವಾರದ ರಜೆ ಬೇರೆ ದಿನಗಳಾಗಿದ್ದರೆ ಎಕ್ಸೆಲ್ 2010ರಲ್ಲಿ ಬಂದ ವರ್ಕ್‌ಡೇ ಇಂಟಲ್ ಇದೆ. ಆದರೆ ಒಂದು ತಾರೀಕಿಗಾಗಿ ಹಿನ್ನೆಲೆಯಲ್ಲಿ ಇಡೀ ಎಕ್ಸೆಲ್ ತೆರೆದುಕೊಳ್ಳಬೇಕು. ಮೊದಲ ಸಲ ಫಾರ್ಮ್ ತಡವರಿಸುತ್ತದೆ. ಸರಿಯಾಗಿ ಮುಚ್ಚದಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸೆಲ್ ಹಾಗೇ ಉಳಿಯುತ್ತದೆ. ಫಾರ್ಮ್ ಬಳಸುವ ಪ್ರತಿ ಕಂಪ್ಯೂಟರ್‌ನಲ್ಲೂ ಎಕ್ಸೆಲ್ ಇರಲೇಬೇಕು. ನಮ್ಮ ಲೂಪ್ ಸರಿಯಿದೆಯಾ ಅಂತ ಪರೀಕ್ಷಿಸಿಕೊಳ್ಳಲು ಇದು ಒಳ್ಳೆಯ ಅಳತೆಗೋಲು. ದಿನನಿತ್ಯದ ಬಳಕೆಗೆ ನಾನು ಇಡುವುದಿಲ್ಲ.

ಐದನೆಯದು ಕ್ಯಾಲೆಂಡರ್ ಟೇಬಲ್. ಪ್ರತಿ ದಿನಕ್ಕೂ ಒಂದು ಸಾಲು. ಹತ್ತು ವರ್ಷಕ್ಕೆ ಸುಮಾರು 3,650 ಸಾಲು, ಆಕ್ಸೆಸ್‌ಗೆ ಅದು ಏನೂ ಅಲ್ಲ. ಪ್ರತಿ ಸಾಲಿನಲ್ಲೂ ತಾರೀಕು, ಕೆಲಸದ ದಿನವೋ ಅಲ್ಲವೋ, ಜೊತೆಗೆ ಒಂದು ಕ್ರಮಸಂಖ್ಯೆ. ಕೆಲಸದ ದಿನ ಬಂದಾಗ ಮಾತ್ರ ಸಂಖ್ಯೆ ಒಂದು ಏರುತ್ತದೆ. ರಜೆಯ ದಿನಕ್ಕೆ ಹಿಂದಿನ ಸಂಖ್ಯೆಯೇ. ಜನವರಿ 1ರಿಂದ ಎಣಿಸಿದರೆ 3ನೇ ತಾರೀಕಿಗೆ 3. ಅದಕ್ಕೆ 10 ಸೇರಿಸಿದರೆ 13. ಆ ಸಂಖ್ಯೆ ಇರುವ ಮೊದಲ ತಾರೀಕನ್ನು, ಅತಿ ಚಿಕ್ಕದನ್ನು ಹುಡುಕಿ ಕೊಡುವ ಡಿಮಿನ್ ಫಂಕ್ಷನ್‌ನಿಂದ ತೆಗೆದರೆ ಜನವರಿ 17. 15ನೇ ತಾರೀಕನ್ನು ರಜೆ ಮಾಡಿ ಮತ್ತೆ ಸಂಖ್ಯೆ ಹಾಕಿದರೆ 13 ಬೀಳುವುದು ಜನವರಿ 20ಕ್ಕೆ. ಹಿಂದಕ್ಕೆ ಎಣಿಸಲು ಕಳೆದರಾಯಿತು, ಆದರೆ ಅದು ಕೆಲಸದ ದಿನದಿಂದಲೇ ಹೊರಡಬೇಕು. ಎರಡು ತಾರೀಕುಗಳ ನಡುವೆ ಎಷ್ಟು ಕೆಲಸದ ದಿನ ಅಂತ ಬೇಕಾದರೆ ಒಂದು ಸಂಖ್ಯೆಯಿಂದ ಇನ್ನೊಂದನ್ನು ಕಳೆದರೆ ಮುಗಿಯಿತು. ಲೂಪ್ ಇಲ್ಲ, ಷರತ್ತುಗಳ ಸರಮಾಲೆ ಇಲ್ಲ. ರಿಪೋರ್ಟ್‌ಗೆ ಬೇಕಾದಾಗ ಟೇಬಲ್‌ಗಳಿಂದ ಮಾಹಿತಿ ತೆಗೆಯುವ ಕ್ವೆರಿಯಲ್ಲೇ ಜೋಡಿಸಬಹುದು.

ಕೆಲವು ಶನಿವಾರ ಕೆಲಸ, ಕೆಲವು ಶನಿವಾರ ರಜೆ ಇರುವ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಉಳಿದ ದಾರಿಗಳಲ್ಲಿ ಕೋಡ್ ಮುಟ್ಟಬೇಕು, ಇಲ್ಲಿ ಒಂದು ಟಿಕ್ ಗುರುತು ತೆಗೆದು ಮತ್ತೆ ಸಂಖ್ಯೆ ಹಾಕಿದರೆ ಸಾಕು. ಯಾವತ್ತು ರಜೆ ಅನ್ನುವುದು ಕೋಡ್ ಬರೆಯುವವರ ತೀರ್ಮಾನ ಅಲ್ಲ, ಕಚೇರಿಯ ತೀರ್ಮಾನ. ಅದು ಕಚೇರಿಯವರ ಕೈಗೆ ಸಿಗುವ ಟೇಬಲ್‌ನಲ್ಲೇ ಇರಬೇಕು. ನಾನು ಈ ದಾರಿಯನ್ನು ಆರಿಸಲು ಮುಖ್ಯ ಕಾರಣ ಇದೇ.

ಇನ್ನೊಂದು ಕಾರಣವೂ ಇದೆ. ಮುಂದಿನ ವರ್ಷದ ರಜೆಗಳನ್ನು ಯಾರೂ ತುಂಬಿಲ್ಲ ಅಂದುಕೊಳ್ಳಿ. ಲೂಪ್ ಸುಮ್ನೆ ರಜೆಯೇ ಇಲ್ಲ ಅಂತ ಎಣಿಸಿಕೊಂಡು ತಪ್ಪು ತಾರೀಕು ಕೊಡುತ್ತದೆ. ಕ್ಯಾಲೆಂಡರ್ ಟೇಬಲ್ ಮುಗಿದಿದ್ದರೆ ಡಿಮಿನ್‌ಗೆ ಸಿಗುವುದು ನಲ್, ಬಾಕ್ಸ್ ಖಾಲಿ ಉಳಿಯುತ್ತದೆ. ಖಾಲಿ ಬಾಕ್ಸ್ ನೋಡಿದವರು ಕೇಳುತ್ತಾರೆ. ಅದಕ್ಕಾಗಿ ರಜೆ ಪಟ್ಟಿ ಕೈಗೆ ಬಂದ ವರ್ಷಗಳ ಸಾಲುಗಳನ್ನು ಮಾತ್ರ ಸೇರಿಸಿ, ಮುಂದಿನ ಹತ್ತು ವರ್ಷದ್ದನ್ನು ಒಟ್ಟಿಗೇ ತುಂಬಬೇಡಿ.

ಯಾವ ದಾರಿ ಹಿಡಿದರೂ ಬಂದ ತಾರೀಕನ್ನು ಟೇಬಲ್‌ನಲ್ಲಿ ಉಳಿಸಬೇಕೋ, ಪ್ರತಿ ಸಲ ಲೆಕ್ಕ ಹಾಕಬೇಕೋ ಅಂತ ಮೊದಲೇ ಯೋಚಿಸಿ. ಯಾರಿಗಾದರೂ ಮಾತು ಕೊಟ್ಟ ಗಡುವು ಆಗಿದ್ದರೆ ಬಾಕ್ಸ್‌ನಲ್ಲಿ ಬರೆದು ಮುಗಿಸಿದ ಕೂಡಲೇ ಓಡುವ ಆಫ್ಟರ್ ಅಪ್‌ಡೇಟ್ ಈವೆಂಟ್‌ನಲ್ಲಿ ಲೆಕ್ಕ ಹಾಕಿ ಉಳಿಸಿಬಿಡಿ. ಇಲ್ಲದಿದ್ದರೆ ನಾಳೆ ಯಾರೋ ಒಂದು ರಜೆ ಸೇರಿಸಿದ ಕೂಡಲೇ ಹಳೆಯ ಗಡುವುಗಳೂ ಬದಲಾಗಿಬಿಡುತ್ತವೆ. ಬರೀ ಅಂದಾಜು ತೋರಿಸಲು ಆದರೆ ಕಂಟ್ರೋಲ್ ಸೋರ್ಸ್‌ನಲ್ಲಿ ಇಟ್ಟರೆ ಸಾಕು. ಆಕ್ಸೆಸ್ 2010ರಿಂದ ಟೇಬಲ್‌ನಲ್ಲೇ ತಾನಾಗಿ ಲೆಕ್ಕ ಹಾಕುವ ಕ್ಯಾಲ್ಕ್ಯುಲೇಟೆಡ್ ಫೀಲ್ಡ್ ಇದೆ, ಆದರೆ ಅದರಿಂದ ನಮ್ಮ ವಿಬಿಎ ಫಂಕ್ಷನ್ ಕರೆಯಲು ಆಗುವುದಿಲ್ಲ, ಬೇರೆ ಟೇಬಲ್ ನೋಡಲೂ ಆಗುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಅದು ಒದಗುವುದಿಲ್ಲ.

ಈಗಾಗಲೇ ಲೂಪ್ ಬಳಸುತ್ತಿದ್ದರೆ ಫಂಕ್ಷನ್‌ನ ಹೆಸರನ್ನು ಹಾಗೇ ಇಟ್ಟು, ಒಳಗಿನ ಕೋಡ್ ಮಾತ್ರ ಕ್ಯಾಲೆಂಡರ್ ಟೇಬಲ್ ನೋಡುವ ಹಾಗೆ ಬದಲಿಸಿ. ಫಾರ್ಮ್‌ಗಳನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ.